ಭೂಮಿಯ ಬಿಸಿ, ಪಾವಗಡದ ಬಿಸಿಲು

ನಿಮ್ಮ ಮನೆಗೆ ಬರುವ ವಿದ್ಯುತ್ ಬಿಲ್ಲನ್ನು ಒಮ್ಮೆ ಕೈಗೆತ್ತಿಕೊಳ್ಳಿ. ಈ ತಿಂಗಳು ಇಷ್ಟು ಯೂನಿಟ್ ಎಂದು ಅದರಲ್ಲಿ ನಮೂದಾಗಿರುತ್ತದೆ. ಅಷ್ಟೂ ವಿದ್ಯುತ್ತು ಕಲ್ಲಿದ್ದಲಿನಿಂದ ಬಂದದ್ದೆಂದು ಇಟ್ಟುಕೊಂಡರೆ, ಯೂನಿಟ್ ಒಂದಕ್ಕೆ ಸುಮಾರು 1 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಅನಿಲ ರಾಯಚೂರಿನಂಥ ಶಾಖೋತ್ಪನ್ನ ಕೇಂದ್ರದ ಚಿಮಣಿಯಿಂದ ಹೊರಬಿದ್ದಿದೆ ಎಂದು ಲೆಕ್ಕ. ಸುಟ್ಟ ಕಲ್ಲಿದ್ದಲಿನ ತೂಕ ಅದಕ್ಕಿಂತ ಕಡಿಮೆ. ಹಾಗಾದರೆ ಅನಿಲ ಹೆಚ್ಚು ತೂಗುವುದು ಹೇಗೆ? ಉತ್ತರ ನಿಮ್ಮ ರಸಾಯನಶಾಸ್ತ್ರದ ಪಾಠದಲ್ಲೇ ಇದೆ: 12 ಗ್ರಾಂ ಇಂಗಾಲವು ಗಾಳಿಯ 32 ಗ್ರಾಂ ಆಮ್ಲಜನಕದೊಡನೆ ಕೂಡಿ 44 ಗ್ರಾಂ ಆಗುತ್ತದೆ.

ಈ ಅನಿಲ ಬಿಸಿಲನ್ನು ಒಳಗೆ ಬಿಡುತ್ತದೆ. ಕಾದ ನೆಲದಿಂದ ಮೇಲೇಳುವ ಶಾಖವನ್ನು ಮಾತ್ರ ಸುಲಭವಾಗಿ ಹೊರಗೆ ಬಿಡುವುದಿಲ್ಲ. ಕಲ್ಲಿದ್ದಲು ಸುಡುವುದರಿಂದ ಭೂಮಿ ಬಿಸಿಯಾದೀತೆಂದು ಸ್ವೀಡನ್ನಿನ ಆರ್ರೇನಿಯಸ್ 1896ರಷ್ಟು ಹಿಂದೆಯೇ ಲೆಕ್ಕ ಹಾಕಿದ್ದರು. ಕೈಗಾರಿಕಾ ಕ್ರಾಂತಿಗೆ ಮುನ್ನ ಗಾಳಿಯ ಹತ್ತು ಲಕ್ಷ ಕಣಗಳಲ್ಲಿ ಈ ಅನಿಲದ್ದು ಸುಮಾರು 280. ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ 1958ರಲ್ಲಿ ಅಳತೆ ಆರಂಭವಾದಾಗ ಸುಮಾರು 315. ಈಗ 420ನ್ನು ದಾಟಿದೆ. 2024ರಲ್ಲಿ ಭೂಮಿಯ ಸರಾಸರಿ ಉಷ್ಣತೆ, ಕೈಗಾರಿಕಾ ಯುಗಕ್ಕೆ ಮುಂಚಿನದಕ್ಕಿಂತ 1.5 ಡಿಗ್ರಿಗೂ ಹೆಚ್ಚಾಗಿತ್ತು. ಇಡೀ ಒಂದು ವರ್ಷ ಹಾಗಾದದ್ದು ಅದೇ ಮೊದಲು.

ಒಂದು ಕೆರೆಯನ್ನು ನೆನೆಯಿರಿ. ಕಾಲುವೆಯಿಂದ ನೀರು ರಭಸವಾಗಿ ಒಳಬರುತ್ತಿದೆ, ತೂಬಿನಿಂದ ಅದರ ಅರ್ಧದಷ್ಟು ಮಾತ್ರ ಹೊರಹೋಗುತ್ತಿದೆ. ಕಾಲುವೆಯ ನೀರನ್ನು ಸ್ವಲ್ಪ ತಗ್ಗಿಸಿದರೆ ಕೆರೆ ಇಳಿಯುವುದೇ? ಇಲ್ಲ, ತುಂಬುವುದು ತುಸು ನಿಧಾನವಾಗುತ್ತದೆ, ಅಷ್ಟೆ. ನಾವು ಹೊರಬಿಡುವ ಅನಿಲದಲ್ಲಿ ಸುಮಾರು ಅರ್ಧವನ್ನು ಕಡಲೂ ಗಿಡಮರಗಳೂ ಹೀರುತ್ತವೆ. ಉಳಿದದ್ದು ವಾತಾವರಣದಲ್ಲಿ ನಿಲ್ಲುತ್ತದೆ. "ನಿವ್ವಳ ಶೂನ್ಯ" ಎಂಬ ಮಾತು ಹುಟ್ಟಿದ್ದು ಇದರಿಂದಲೇ.

ಕಾಲುವೆಯನ್ನು ಯಾರು ಮೊದಲು ಮುಚ್ಚಬೇಕು ಎಂಬುದು ವಿಜ್ಞಾನದ ಪ್ರಶ್ನೆಯಲ್ಲ, ನ್ಯಾಯದ ಪ್ರಶ್ನೆ. ಒಬ್ಬ ಭಾರತೀಯನ ಪಾಲಿಗೆ ವರ್ಷಕ್ಕೆ ಸುಮಾರು 2 ಟನ್ ಇಂಗಾಲದ ಡೈಆಕ್ಸೈಡ್ ಬಂದರೆ, ಅಮೆರಿಕದವನ ಪಾಲಿಗೆ ಸುಮಾರು 14 ಟನ್. 1992ರ ರಿಯೋ ಸಮ್ಮೇಳನದಿಂದ 2015ರ ಪ್ಯಾರಿಸ್ ಒಪ್ಪಂದದವರೆಗೆ ನಡೆದ ಜಗ್ಗಾಟವೆಲ್ಲ ಬಹುಮಟ್ಟಿಗೆ ಇದರ ಮೇಲೆಯೇ. 2070ರ ವೇಳೆಗೆ ನಿವ್ವಳ ಶೂನ್ಯ ತಲುಪುವುದಾಗಿ ಭಾರತ 2021ರಲ್ಲಿ ಗ್ಲಾಸ್ಗೋದಲ್ಲಿ ಘೋಷಿಸಿತು.

ಇಂಥ ಘೋಷಣೆ ನೆಲಕ್ಕಿಳಿದಾಗ ಹೇಗಿರುತ್ತದೆ ಎಂದು ನೋಡಬೇಕಾದರೆ ತುಮಕೂರು ಜಿಲ್ಲೆಯ ಪಾವಗಡಕ್ಕೆ ಬನ್ನಿ. ಮತ್ತೆ ಮತ್ತೆ ಬರಕ್ಕೆ ತುತ್ತಾಗುವ ಸೀಮೆ. ಮಳೆ ಕೈಕೊಟ್ಟರೆ ಕಡಲೆಕಾಯಿಯೂ ಇಲ್ಲ. ಇಲ್ಲಿ ತಿರುಮಣಿ, ವಳ್ಳೂರು ಮೊದಲಾದ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನ ಎದ್ದಿತು. 2018ರಲ್ಲಿ ಉದ್ಘಾಟನೆಯಾಗಿ 2019ರ ಕೊನೆಗೆ ಪೂರ್ಣಗೊಂಡಿತು. ಇಲ್ಲಿ ಮೆಚ್ಚಬೇಕಾದದ್ದು ಭೂಮಿಯ ವ್ಯವಸ್ಥೆ. ಸರ್ಕಾರ ರೈತರ ಹೊಲವನ್ನು ಸ್ವಾಧೀನಪಡಿಸಿಕೊಳ್ಳಲಿಲ್ಲ, ಗುತ್ತಿಗೆಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5ರಷ್ಟು ಏರಿಕೆ. ಒಡೆತನ ರೈತನದೇ. ಹಿಂದೆ ಅಣೆಕಟ್ಟುಗಳಿಗಾಗಿ ಮನೆಮಠ ಕಳೆದುಕೊಂಡವರ ಕಥೆ ಕೇಳಿದವರಿಗೆ ಇದರ ಬೆಲೆ ತಿಳಿಯುತ್ತದೆ.

ಆದರೆ ಗುತ್ತಿಗೆಯ ಹಣ ಪಹಣಿಯಲ್ಲಿ ಹೆಸರಿದ್ದವರಿಗೆ. ಅದೇ ಹೊಲದಲ್ಲಿ ಕಳೆ ಕೀಳುತ್ತಿದ್ದ ಕೂಲಿಯಾಳಿಗೆ, ಕೊಯ್ಲಾದ ಮೇಲೆ ಕುರಿ ಮೇಯಿಸುತ್ತಿದ್ದವನಿಗೆ ಬಾಡಿಗೆ ಯಾರು ಕೊಡುತ್ತಾರೆ? ಫಲಕಗಳ ಧೂಳು ಒರೆಸುವ, ಕಾವಲು ಕಾಯುವ ಕೆಲಸ ಕೆಲವರಿಗೆ ಸಿಕ್ಕಿತು; ಎಲ್ಲರಿಗೂ ಅಲ್ಲ. ಶುದ್ಧ ವಿದ್ಯುತ್ತಿನ ಲೆಕ್ಕ ಬರೆಯುವಾಗ ಈ ಸಾಲನ್ನು ಬಿಟ್ಟುಬಿಡುವವರೇ ಹೆಚ್ಚು.

ಇನ್ನೊಂದು ಲೆಕ್ಕದಲ್ಲೂ ಎಚ್ಚರ ಬೇಕು. ಮೆಗಾವಾಟ್ ಬೇರೆ, ಯೂನಿಟ್ ಬೇರೆ. ರಾತ್ರಿ ಸೂರ್ಯನಿಲ್ಲ, ಮೋಡದ ದಿನ ಬಿಸಿಲು ಅಷ್ಟಕ್ಕಷ್ಟೆ. ವರ್ಷದ ಸರಾಸರಿ ತೆಗೆದರೆ ಸೌರಫಲಕ ಕೊಡುವುದು ತನ್ನ ಸಾಮರ್ಥ್ಯದ ಐದನೆಯ ಒಂದರಿಂದ ನಾಲ್ಕನೆಯ ಒಂದು ಪಾಲಿನಷ್ಟು. 2025ರಲ್ಲಿ ನಮ್ಮ ದೇಶದ ವಿದ್ಯುತ್ ಸ್ಥಾಪಿತ ಸಾಮರ್ಥ್ಯದ ಅರ್ಧದಷ್ಟು ಕಲ್ಲಿದ್ದಲು, ತೈಲ, ಅನಿಲಗಳನ್ನು ಸುಡದ ಮೂಲಗಳದ್ದಾಯಿತು. 2030ಕ್ಕೆಂದು ಇಟ್ಟುಕೊಂಡಿದ್ದ ಗುರಿ ಐದು ವರ್ಷ ಮೊದಲೇ ಕೈಗೂಡಿತು, ಸಂತೋಷವೇ. ಆದರೂ ನಾವು ಬಳಸುವ ಹತ್ತು ಯೂನಿಟ್ಟಿನಲ್ಲಿ ಸುಮಾರು ಏಳು ಇಂದಿಗೂ ಕಲ್ಲಿದ್ದಲಿನದೇ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಪಾವಗಡ ಕಣ್ಣು ಮುಚ್ಚುತ್ತದೆ. ಹಗಲಿನ ವಿದ್ಯುತ್ತನ್ನು ಕೂಡಿಡುವುದೆಲ್ಲಿ? ಬ್ಯಾಟರಿ ಒಂದು ದಾರಿ. ಹಗಲಿನ ವಿದ್ಯುತ್ತಿನಿಂದ ನೀರನ್ನು ಮೇಲಿನ ಜಲಾಶಯಕ್ಕೆ ಎತ್ತಿ, ರಾತ್ರಿ ಕೆಳಗೆ ಹರಿಸಿ ಟರ್ಬೈನ್ ತಿರುಗಿಸುವುದು ಇನ್ನೊಂದು. ಹಾಕಿದ ನೂರು ಯೂನಿಟ್ಟಿನಲ್ಲಿ ಮುಕ್ಕಾಲು ಪಾಲಿನಷ್ಟು ಮರಳಿ ಸಿಗುತ್ತದೆ. ಶರಾವತಿಯ ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ಇಂಥದೇ 2,000 ಮೆಗಾವಾಟ್ ಯೋಜನೆಯನ್ನು ರೂಪಿಸಲಾಗಿದೆ. ಆದರೆ ಆ ಕಣಿವೆ ಸಿಂಗಳೀಕಗಳ ಅಭಯಾರಣ್ಯ. ಅನಿಲವನ್ನು ತಗ್ಗಿಸಲೆಂದು, ಅನಿಲವನ್ನು ಹೀರುವ ಕಾಡನ್ನೇ ಕಡಿಯಬಹುದೇ ಎಂದು ಅಲ್ಲಿನ ಜನ ಕೇಳುತ್ತಿದ್ದಾರೆ. ಬ್ಯಾಟರಿಯ ಬೆಲೆ ಇಳಿಯುತ್ತಿರುವಾಗ ಈ ಪ್ರಶ್ನೆಗೆ ಬಲ ಹೆಚ್ಚು ಎಂದು ನನಗನ್ನಿಸುತ್ತದೆ. ನಿಮ್ಮ ಕಾಲೇಜಿನ ಚರ್ಚಾಕೂಟದಲ್ಲಿ ಎರಡೂ ಪಕ್ಷ ಕಟ್ಟಿ ವಾದಿಸಿ ನೋಡಿ. ವಾದಕ್ಕೆ ಕೂರುವ ಮುನ್ನ ಆ ಬಿಲ್ಲು ಜೇಬಿನಲ್ಲಿರಲಿ.