30,000 ಗಂಟೆ ಹಾರಿದವುಗಳ ಹೊಟ್ಟೆಯೊಳಗೆ

ಬೆಂಗಳೂರಿನಿಂದ ಪ್ರಶಾಂತಿ ಎಕ್ಸ್‌ಪ್ರೆಸ್ ಹತ್ತಿದರೆ ವಿಜಯವಾಡದಲ್ಲಿ ಕೃಷ್ಣೆಯನ್ನು ದಾಟಿಸಿ ವಿಶಾಖಪಟ್ಟಣಕ್ಕೆ ತಂದು ಬಿಡುತ್ತದೆ. ಅಲ್ಲಿನ ಆರ್.ಕೆ. ಬೀಚ್ ರಸ್ತೆಯಲ್ಲಿ, ಜಲಾಂತರ್ಗಾಮಿಗಳನ್ನು ಬೇಟೆಯಾಡುತ್ತಿದ್ದ ಟಿಯು-142 ವಿಮಾನವನ್ನು ಯಾರೂ ಹುಡುಕಬೇಕಾಗಿಲ್ಲ. 50 ಮೀಟರ್ ಅಗಲದ ರೆಕ್ಕೆ ದೂರದಿಂದಲೇ ಕಾಣುತ್ತದೆ. ರಸ್ತೆಯಾಚೆ ಮರಳಿನ ಮೇಲೆ ಕುರ್ಸುರಾ ಜಲಾಂತರ್ಗಾಮಿ. ಎರಡೂ ಸೋವಿಯತ್ ಕಾರ್ಖಾನೆಗಳ ಮಾಲೇ. ಬೇಟೆಗಾರನನ್ನೂ ಬೇಟೆಯನ್ನೂ ಎದುರುಬದುರು ನಿಲ್ಲಿಸಿದ್ದಾರೆ.

ಎಲ್ಲರೂ ನೇರ ಕಾಕ್‌ಪಿಟ್‌ನತ್ತ ಹೋಗುತ್ತಾರೆ, ಸೆಲ್ಫಿಗೆ. ನಾನು ಎಂಜಿನ್ ಮುಂದೆ ನಿಂತೆ. ಇಂಥವು ನಾಲ್ಕು. ಒಂದೊಂದರ ಮೂತಿಗೂ ಎರಡೆರಡು ಪ್ರೊಪೆಲ್ಲರ್, ಒಂದು ಬಲಕ್ಕೆ ತಿರುಗಿದರೆ ಇನ್ನೊಂದು ಎಡಕ್ಕೆ. ಒಟ್ಟು 32 ಅಲಗು. ಇಷ್ಟನ್ನೂ ಉಪ್ಪುಗಾಳಿಯಲ್ಲಿ ಕೆಲಸ ಮಾಡುವಂತೆ ಇಟ್ಟುಕೊಳ್ಳಬೇಕಿತ್ತು. 1988ರಿಂದ 2017ರ ಮಾರ್ಚ್‌ವರೆಗೆ ನೌಕಾಪಡೆಯಲ್ಲಿ, ಮೊದಲು ಗೋವಾ, ಆಮೇಲೆ ಅರಕ್ಕೋಣಂ ನೆಲೆಯಲ್ಲಿ, ಈ ವಿಮಾನಗಳು ದುಡಿದವು. ಲೆಕ್ಕಕ್ಕೆ ಸಿಕ್ಕುವ ಹೆಮ್ಮೆ: ಅಪಘಾತವಿಲ್ಲದ 30,000 ಹಾರಾಟದ ಗಂಟೆ.

ದೊಡ್ಡ ಸಾಧನೆಯೇ. ಆದರೆ ಸಂಖ್ಯಾಶಾಸ್ತ್ರದವರಿಗೆ ಒಂದು ಕೆಟ್ಟ ಚಾಳಿಯಿದೆ: ಸೊನ್ನೆ ಕಂಡರೆ ಕೆದಕುತ್ತಾರೆ. ಒಮ್ಮೆಯೂ ನಡೆಯದ್ದರ ಪ್ರಮಾಣ ಹೆಚ್ಚೆಂದರೆ ಎಷ್ಟಿದ್ದೀತು ಎಂದು ತಿಳಿಯಲು, ಮೂರನ್ನು ಒಟ್ಟು ಗಂಟೆಗಳಿಂದ ಭಾಗಿಸು ಎನ್ನುವುದು ಅವರ ಒರಟು ಸೂತ್ರ. 30,000ಕ್ಕೆ ಹಾಕಿದರೆ ಬರುವ ಉತ್ತರ, ಹತ್ತು ಸಾವಿರ ಗಂಟೆಗೆ ಒಂದು ಅಪಘಾತ. ನಿಜವಾದ ಪ್ರಮಾಣ ಅದಕ್ಕಿಂತ ಕಡಿಮೆ ಎಂದು ಶೇ. 95ರ ಭರವಸೆಯಲ್ಲಿ ಹೇಳಬಹುದು, ಅಷ್ಟೇ. ಸೊನ್ನೆಯನ್ನು ಎಷ್ಟು ಹಿಂಡಿದರೂ ಇದಕ್ಕಿಂತ ಹೆಚ್ಚು ರಸ ಬರದು. ಹಾಗಾಗಿ ದುರಸ್ತಿ ಶೆಡ್ಡಿನಲ್ಲಿ ಎಣಿಸಬೇಕಾದದ್ದು ಅಪಘಾತವನ್ನಲ್ಲ. ಸಡಿಲ ರಿವೆಟ್, ತುಕ್ಕಿನ ಚುಕ್ಕೆ, ಬಿಗಿ ತಪ್ಪಿದ ನಟ್ಟು, ಉಜ್ಜಿಹೋದ ವೈರು.

ಎಂಜಿನ್ ಎಣ್ಣೆಯೂ ಲೆಕ್ಕ ಕೊಡುತ್ತದೆ. ನಿಗದಿತ ಗಂಟೆಗಳಿಗೊಮ್ಮೆ ಒಂದಿಷ್ಟು ಎಣ್ಣೆ ತೆಗೆದು, ಅದರಲ್ಲಿ ಕಬ್ಬಿಣ, ತಾಮ್ರ ಹತ್ತು ಲಕ್ಷ ಪಾಲಿಗೆ ಎಷ್ಟಿದೆ ಎಂದು ಸ್ಪೆಕ್ಟ್ರೋಮೀಟರ್‌ನಲ್ಲಿ ನೋಡುತ್ತಾರೆ. ನಮ್ಮ ರಕ್ತಪರೀಕ್ಷೆಯಂತೆಯೇ, ಒಂದು ವರದಿಗಿಂತ ಏರಿಕೆಯ ಜಾಡು ಮುಖ್ಯ. ಬೇರಿಂಗ್ ಸವೆಯುತ್ತಿದೆ ಎನ್ನುವುದು ಸದ್ದಿಗಿಂತ ಮೊದಲು ಎಣ್ಣೆಯಲ್ಲಿ ಗೊತ್ತಾಗಬಹುದು. ರೈಲ್ವೆಯ ಡೀಸೆಲ್ ಲೋಕೋ ಶೆಡ್‌ಗಳಿಗೂ ಇದು ಹಳೆಯ ಪರಿಚಯ.

ಇಂಥ ಅಂಕಿಗಳ ಏರಿಳಿತ ಸಹಜವೋ ಅಲ್ಲವೋ ಎಂದು ತಿಳಿಯಲು ಅವನ್ನು ಎರಡು ಗೆರೆಗಳ ನಡುವೆ ಕೂರಿಸಿದವರು ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ವಾಲ್ಟರ್ ಶೂಹಾರ್ಟ್, 1924ರಲ್ಲಿ. ಅವರು 1947-48ರಲ್ಲಿ ಸಂಖ್ಯಾಶಾಸ್ತ್ರಜ್ಞ ಮಹಲನೋಬಿಸರ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನ ಆಹ್ವಾನದ ಮೇಲೆ ಭಾರತಕ್ಕೂ ಬಂದಿದ್ದರು. ಆ ಸಂಸ್ಥೆಯ ಗುಣಮಟ್ಟ ನಿಯಂತ್ರಣ ಘಟಕ ಬೆಂಗಳೂರಿನಲ್ಲಿ 1954ರಲ್ಲೇ ಶುರುವಾಯಿತು.

ಲೆಕ್ಕ ಸುಲಭ. ಒಂದು ಶೆಡ್ಡಿನಲ್ಲಿ ಪ್ರತಿ ವಿಮಾನದ ತಪಾಸಣೆಗೆ ಸರಾಸರಿ 16 ದೋಷ ಸಿಗುತ್ತವೆ ಎಂದಿಟ್ಟುಕೊಳ್ಳಿ. ಅದರ ವರ್ಗಮೂಲ 4, ಅದರ ಮೂರು ಪಟ್ಟು 12. ಸರಾಸರಿಗೆ ಅದನ್ನು ಕೂಡಿಸಿದರೆ ಮೇಲಿನ ಗೆರೆ 28ಕ್ಕೆ, ಕಳೆದರೆ ಕೆಳಗಿನದು 4ಕ್ಕೆ. ಒಂದು ವಿಮಾನಕ್ಕೆ 20, ಮುಂದಿನದಕ್ಕೆ 13 ಬಂದರೆ ಸುಮ್ಮನಿರಬೇಕು. ಅದು ಸಹಜ ಏರಿಳಿತ. ಸೇನೆಯಲ್ಲಿ ಈ ಸುಮ್ಮನಿರುವುದೇ ಕಷ್ಟವಿರಬೇಕು, 20 ಕಂಡ ಮೇಲಧಿಕಾರಿಗೆ ಯಾರನ್ನಾದರೂ ಬೈಯದಿದ್ದರೆ ಕೆಲಸ ಮಾಡಿದಂತೆ ಅನಿಸೀತೇ? 30 ಬಂದರೆ ಮಾತ್ರ ಕೆಲಸ ನಿಲ್ಲಿಸಿ ಕಾರಣ ಹುಡುಕಬೇಕು.

ಕೆಳಗಿನ ಗೆರೆಯನ್ನು ಮರೆಯುವವರೇ ಹೆಚ್ಚು. ಬರೀ 2 ದೋಷ ಸಿಕ್ಕ ದಿನ ಸಿಹಿ ಹಂಚುವ ಮುಂಚೆ ಕೇಳಬೇಕಾದ್ದು ಬೇರೆಯೇ ಇದೆ: ನುರಿತ ಪರೀಕ್ಷಕ ರಜೆಯಲ್ಲಿದ್ದನೇ? ರೆಕ್ಕೆಯಡಿ ಬೆಳಕು ಸಾಲಲಿಲ್ಲವೇ? ಹೋದ ಸಲದ ಬೈಗುಳ ನೆನೆದು ಹುಡುಗರು ಬರೆಯದೆ ಬಿಟ್ಟರೇ?