ಸಾಣೆ ಹಿಡಿದ ಕೈಗಳ ತಂಬೂರಿ

ಮಿರಜ ಜಂಕ್ಷನ್ನಿನಲ್ಲಿ ಇಳಿದು ಮೀರಾಸಾಹೇಬರ ದರ್ಗಾದ ದಾರಿ ಹಿಡಿದೆ. ದರ್ಗಾ ಹತ್ತಿರವಾದಂತೆ ತಂತಿ ಮಿಡಿಯುವ ಸದ್ದು ಕೇಳತೊಡಗಿತು. ವಾದ್ಯ ಮಾಡುವವರ ಗಲ್ಲಿ ಅದು. ಮೊದಲ ಅಂಗಡಿಯ ಅಟ್ಟದ ತುಂಬ ಒಣಗಿದ ಬುರುಡೆಗಳು. ಕೆಳಗೆ ಚಾಪೆಯ ಮೇಲೆ ಹಿರಿಯರೊಬ್ಬರು ತಂಬೂರಿಯ ಕುದುರೆಗೆ ಕಾನಸು ಹಿಡಿದು ಕೂತಿದ್ದರು.

“ಧಾರವಾಡದವ್ರೇನ್ರಿ? ಕೂಡ್ರಿ. ನಮ್ಮ ಅಜ್ಜಾರ ಕಾಲದಿಂದ ನಿಮ್ಮ ಕಡೆ ತಂಬೂರಿ ಹೊಂಟಾವ್ರಿ.”

ಆ ನಂಟು ದೊಡ್ಡದು. ಕಿರಾನಾ ಘರಾಣೆಯ ಅಬ್ದುಲ್ ಕರೀಂ ಖಾನರು ನೆಲೆಸಿದ್ದು ಈ ಊರಲ್ಲಿ. 1937ರಲ್ಲಿ ತೀರಿಕೊಂಡ ಅವರ ಸಮಾಧಿ ಇದೇ ದರ್ಗಾದಲ್ಲಿದೆ. ಕುಂದಗೋಳದ ಸವಾಯಿ ಗಂಧರ್ವರು ಅವರ ಶಿಷ್ಯರು.

ಬುರುಡೆ ಎಲ್ಲಿಯವು ಎಂದು ಕೇಳಿದೆ. “ಪಂಢರಪುರ ಕಡೆಯವ್ರಿ” ಎಂದರು. ಈ ಮನೆತನಗಳ ಕಸುಬು ಬದಲಾದ ಕಥೆಯೂ ಅದೇ ಪಂಢರಪುರದಿಂದ ಶುರುವಾಗುತ್ತದೆ.

ಬರೋಡೆಯ ಗಾಯಕವಾಡರಿಗೂ ಪೇಶ್ವೆಗೂ ಹಳೆಯ ಬಾಕಿ ಮತ್ತು ಅಹಮದಾಬಾದಿನ ಇಜಾರೆಯ ವಿಚಾರದಲ್ಲಿ ತಕರಾರಿತ್ತು. ಅದನ್ನು ಬಗೆಹರಿಸಲು ಕಂಪನಿ ಸರ್ಕಾರದ ಅಭಯ ಪಡೆದು ಬಂದಿದ್ದ ಗಾಯಕವಾಡರ ದೂತ ಗಂಗಾಧರ ಶಾಸ್ತ್ರಿ 1815ರ ಜುಲೈ 20ರ ರಾತ್ರಿ ಪಂಢರಪುರದ ವಿಠೋಬನ ದರ್ಶನ ಮುಗಿಸಿ ಬರುವಾಗ ಕೊಲೆಯಾದರು. ಪುಣೆಯ ಕಂಪನಿ ರೆಸಿಡೆಂಟ್ ಎಲ್ಫಿನ್‌ಸ್ಟನ್ ಪೇಶ್ವೆಯ ಆಪ್ತ, ಕೊಲೆಯ ಆರೋಪ ಹೊತ್ತಿದ್ದ ತ್ರ್ಯಂಬಕಜಿ ಡೇಂಗಳೆಯನ್ನು ಒಪ್ಪಿಸಿಕೊಂಡು ಠಾಣೆ ಕೋಟೆಯಲ್ಲಿಟ್ಟ. 1816ರಲ್ಲಿ ಆತ ತಪ್ಪಿಸಿಕೊಂಡ. 1817ರ ಜೂನಿನ ಪುಣೆ ಒಪ್ಪಂದ ಪೇಶ್ವೆ ಎರಡನೇ ಬಾಜಿರಾಯನ ಕೈಕಟ್ಟಿತು. ನವೆಂಬರಿನಲ್ಲಿ ಖಡಕಿಯಲ್ಲಿ ಯುದ್ಧ ಹೊತ್ತಿತು. 1818ಕ್ಕೆ ಪೇಶ್ವಾಯಿ ಮುಗಿಯಿತು. ಧಾರವಾಡ, ಬೆಳಗಾವಿ ಕಂಪನಿಯ ಪಾಲಾದವು. ಬಾಜಿರಾಯನೊಡನೆ ಮೊದಲಿನಿಂದಲೂ ಮುನಿಸಿದ್ದ ಸಾಂಗಲಿ, ಮಿರಜದ ಪಟವರ್ಧನರು ಕಂಪನಿಯ ಆಶ್ರಯದಲ್ಲಿ ಸಂಸ್ಥಾನ ಉಳಿಸಿಕೊಂಡರು.  

ಈ ಗಲ್ಲಿಯವರ ಪೂರ್ವಿಕರು ಶಿಕಲಗಾರರು, ಕತ್ತಿ ಭರ್ಚಿಗಳಿಗೆ ಸಾಣೆ ಹಿಡಿದವರು. ದಂಡುಗಳು ಚದುರಿದ ಮೇಲೆ ಆ ಕೈಗಳಿಗೆ ಕೆಲಸ ತಪ್ಪಿತು. 19ನೇ ಶತಮಾನದ ನಡುವಿಗೆ ಫರೀದ್‌ಸಾಹೇಬರು ವಾದ್ಯಗಳ ದುರಸ್ತಿಗೆ ಕೈಹಾಕಿದರು, ಆಮೇಲೆ ತಾವೇ ಮಾಡತೊಡಗಿದರು.

ಹಿರಿಯರು ಕುದುರೆಯನ್ನು ಕಾನಸಿನಿಂದ ಎರಡೆಳೆ ಉಜ್ಜಿ, ತಂತಿಯ ಕೆಳಗೆ ಹತ್ತಿಯ ದಾರ ತೂರಿಸಿ ಮೀಟಿದರು. ನಾದ ಕುರುಡಾಗಿತ್ತು. ದಾರವನ್ನು ಕೂದಲೆಳೆಯಷ್ಟು ಸರಿಸಿದರು. ಒಮ್ಮೆಲೇ ಝೇಂಕಾರ ಅಂಗಡಿಯ ತುಂಬ ಹರಡಿತು. “ಇದಕ್ಕ ಜವಾರಿ ಅಂತಾರ್ರಿ. ಇದನ್ನ ಅಳೆಯೋ ಮಷಿನ್ ಇಲ್ಲ. ಕಿವಿನೇ ಹೇಳಬೇಕು.”

ಅವರ ಕೊರಗೂ ಸಣ್ಣದಲ್ಲ. ಬುರುಡೆ ಬೆಳೆಯುವ ರೈತರು ಕಬ್ಬಿಗೆ ಹೋಗುತ್ತಿದ್ದಾರೆ, ಹಾಡುವವರು ಮೊಬೈಲಿನ ತಂಬೂರಿಗೆ ಹೋಗುತ್ತಿದ್ದಾರೆ. 2024ರಲ್ಲಿ ಮಿರಜದ ಸಿತಾರ್ ಮತ್ತು ತಂಬೂರಿಗೆ ಭೌಗೋಳಿಕ ಸೂಚಿಕೆ ಸಿಕ್ಕಿತು. “ಸರ್ಟಿಫಿಕೇಟ್ ಬಂತ್ರಿ. ಕಲಿಯೋ ಹುಡುಗ ಬರಲಿಲ್ಲ.” ಮಾನ್ಯತೆ ಕೊಟ್ಟ ಸರ್ಕಾರ ಕಲಿಯುವ ಹುಡುಗನಿಗೆ ತಿಂಗಳ ಸಂಬಳವನ್ನೂ ಕೊಡಬೇಕು. ನಮ್ಮ ಸಂಗೀತ ಶಾಲೆಗಳೂ ಇಲ್ಲಿಂದ ತಂಬೂರಿ ತರಿಸಬೇಕು.

ಹೊರಡುವಾಗ ಅವರು ಉಳಿಯನ್ನು ಮೂಲೆಯ ಸಾಣೆಕಲ್ಲಿಗೆ ಹಿಡಿದರು. ಅಜ್ಜನ ಕಾಲದ ಕಲ್ಲು, ನಡುವೆ ಸವೆದು ತೊಟ್ಟಿಲಂತಾಗಿದೆ. ಉಳಿ ಹರಿತವಾಯಿತೇ ಎಂದು ಹೆಬ್ಬೆರಳಿನಿಂದ ನೋಡಿ, ಮತ್ತೊಂದು ಬುರುಡೆ ಕೈಗೆತ್ತಿಕೊಂಡರು.