ಹಲ್ಲಿನ ಬೇರಿನ ಚಿಕಿತ್ಸೆ: ಕೆಲವು ತಪ್ಪು ತಿಳಿವಳಿಕೆಗಳು

ರಾತ್ರಿ ಹೋಟೆಲಿನ ಬಾಗಿಲು ಮುಚ್ಚಿದ ಮೇಲೆ, ಹಲ್ಲಿನಡಿ ಲವಂಗವನ್ನು ಅದುಮಿಕೊಂಡು ಕೆನ್ನೆಗೆ ಕೈಯಿಟ್ಟು ಕುಳಿತ ಬಾಂಧವರನ್ನು ಮುಂಬಯಿಯಲ್ಲಿ ನಾವು ಅನೇಕ ಬಾರಿ ಕಂಡಿದ್ದೇವೆ. ಡಾಕ್ಟರರಲ್ಲಿಗೆ ಹೋಗಬಾರದೇ ಎಂದು ಕೇಳಿದರೆ, "ಅವರು ರೂಟ್ ಕೆನಾಲ್ ಎನ್ನುತ್ತಾರೆ ಸ್ವಾಮಿ, ಅದಕ್ಕಿಂತ ಈ ನೋವೇ ವಾಸಿ" ಎಂಬ ಉತ್ತರ ಬರುತ್ತದೆ. ಕಾಣದ ಚಿಕಿತ್ಸೆಗೆ ಹೆದರಿ ಕಂಡ ನೋವನ್ನು ಸಹಿಸುವ ಈ ರೂಢಿ ಹಾನಿಕರವಾದುದು.

ಹಲ್ಲು ಬರಿಯ ಎಲುಬಿನ ತುಂಡಲ್ಲ. ಅದರ ಗಟ್ಟಿಯಾದ ಕವಚದೊಳಗೆ ನರ ಹಾಗೂ ರಕ್ತನಾಳಗಳಿಂದ ಕೂಡಿದ ಮೃದುವಾದ ತಿರುಳುಂಟು. ಅದು ಬೇರಿನ ತುದಿಯವರೆಗೂ ಇಳಿದಿರುತ್ತದೆ. ಹುಳುಕು ಈ ತಿರುಳನ್ನು ಮುಟ್ಟಿದಾಗ ಅದು ಕೆಟ್ಟು ಕೀವಾಗುತ್ತದೆ. ವೈದ್ಯರು ಕೆಟ್ಟ ತಿರುಳನ್ನು ತೆಗೆದು, ಬೇರಿನ ನಾಳಗಳನ್ನು ತೊಳೆದು, ಗಟ್ಟಾಪರ್ಚಾ ಎಂಬ ರಬ್ಬರಿನಂಥ ವಸ್ತುವನ್ನು ತುಂಬಿ ಮುಚ್ಚುತ್ತಾರೆ. ಚಿಕಿತ್ಸೆಯೆಂದರೆ ಇದೇ.

ಇದು ಪ್ರಾಣ ಹಿಂಡುವ ನೋವು ಎಂಬುದು ಮೊದಲನೆಯ ಭ್ರಮೆ. ಸ್ವೀಡನ್ನಿನಲ್ಲಿ 1943ರಲ್ಲಿ ಸಿದ್ಧವಾದ ಲಿಗ್ನೊಕೇನ್ ಎಂಬ ಅರಿವಳಿಕೆಯ ಮದ್ದು ಇಂದಿಗೂ ಬಳಕೆಯಲ್ಲಿದೆ. ಅದನ್ನು ಚುಚ್ಚಿದ ಬಳಿಕ ಚಿಕಿತ್ಸೆ ಸಾಮಾನ್ಯವಾಗಿ ನೋಯದು. ಹಲ್ಲು ತೀರ ಕೆರಳಿದ್ದರೆ ಮತ್ತೊಂದು ಚುಚ್ಚುಮದ್ದು ಬೇಕಾದೀತು; ಆಮೇಲೆ ಕೆಲವು ದಿನ ಅಲ್ಪಸ್ವಲ್ಪ ನೋವು ಉಳಿದೀತು.

ನೋವು ಹೋದರೆ ರೋಗವೂ ಹೋಯಿತು ಎಂಬುದು ಎರಡನೆಯದು. ಇದೇ ಅತ್ಯಂತ ಅಪಾಯಕಾರಿ. ನರ ಸತ್ತರೂ ನೋವು ನಿಲ್ಲುತ್ತದೆ, ಆದರೆ ಕೀವು ಎಲುಬಿನಲ್ಲಿ ಹಬ್ಬುತ್ತಲೇ ಇರಬಹುದು. ಗುಳಿಗೆಯಿಂದ ಹಲ್ಲಿನೊಳಗಿನ ಕೊಳೆ ಹೋಗದು. ದವಡೆಯ ಕೆಳಗೆ ಬಾವು ಬಂದು, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ಬೆಳಗಿನವರೆಗೆ ಕಾಯದೆ ದೊಡ್ಡ ಆಸ್ಪತ್ರೆಗೆ ಧಾವಿಸತಕ್ಕದ್ದು. ಅದು ಜೀವಕ್ಕೇ ಸಂಚಕಾರ.

ಚಿಕಿತ್ಸೆಯಾದ ಹಲ್ಲು ಮೈಗೆಲ್ಲ ರೋಗ ಹರಡುತ್ತದೆಂಬ ಮಾತೂ ಉಂಟು. ವಿಲಿಯಂ ಹಂಟರ್ ಎಂಬ ಆಂಗ್ಲ ವೈದ್ಯರು 1910ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಮಾಡಿದ ಭಾಷಣದಿಂದ ಇಂಥ ಶಂಕೆಗೆ ಬಲ ಬಂದಿತು. ಆ ಕಾಲದಲ್ಲಿ ಅಸಂಖ್ಯ ಹಲ್ಲುಗಳನ್ನು ವೃಥಾ ಕಿತ್ತರು. ಮುಂದಿನ ಸಂಶೋಧನೆ ಆ ವಾದವನ್ನು ಎತ್ತಿಹಿಡಿಯಲಿಲ್ಲ. ಮೇಲಿನ ಹಲ್ಲನ್ನು ಮುಟ್ಟಿದರೆ ದೃಷ್ಟಿ ಹೋಗುವುದೆಂಬುದೂ ನಿರಾಧಾರ; ದೃಷ್ಟಿಯ ನರವೇ ಬೇರೆ, ಹಲ್ಲಿನ ನರವೇ ಬೇರೆ.

ಕೀಳಿಸುವುದೇ ಅಗ್ಗವೆನ್ನುವವರುಂಟು. ಅಂದಿನ ಮಟ್ಟಿಗೆ ಅಗ್ಗವೇ ಸರಿ. ಆದರೆ ತೆರವಾದ ಜಾಗಕ್ಕೆ ಪಕ್ಕದ ಹಲ್ಲು ವಾಲುತ್ತದೆ, ಎದುರಿನದು ಜರುಗುತ್ತದೆ. ಕಟ್ಟಿಸಿಕೊಳ್ಳುವ ಹಲ್ಲಿಗೆ ಬೇರೆಯೇ ವೆಚ್ಚ. ಬೇರಿನವರೆಗೆ ಸೀಳಿದ ಹಲ್ಲನ್ನು ಮಾತ್ರ ಕೀಳಿಸದೆ ವಿಧಿಯಿರದು. ಮುಂಬಯಿಯಲ್ಲಿ ನಾಯರ್ ದಂತ ಆಸ್ಪತ್ರೆ, ಸರಕಾರಿ ದಂತ ವೈದ್ಯಕೀಯ ಕಾಲೇಜುಗಳಲ್ಲಿ ಖಾಸಗಿ ದವಾಖಾನೆಗಳಿಗಿಂತ ಖರ್ಚು ಬಹಳ ಕಡಿಮೆ. ಆದರೆ ಹಲವು ಸಲ ಹೋಗಬೇಕಾದೀತು.

ಅಲ್ಲಿಯೇ ನಮ್ಮವರು ಎಡವುವುದು. ನಮ್ಮ ಪರಿಚಯದ ಗುಮಾಸ್ತರೊಬ್ಬರು ಮೊದಲ ದಿನವೇ ನೋವು ನಿಂತಿತೆಂದು ಮತ್ತೆ ಹೋಗಲಿಲ್ಲ. ತಾತ್ಕಾಲಿಕ ಮುಚ್ಚಳ ಸವೆದು, ದವಡೆಹಲ್ಲು ಸೀಳಿ, ಕೊನೆಗೆ ಅದನ್ನು ಕೀಳಿಸಬೇಕಾಯಿತು. ಹಣವೂ ಹೋಯಿತು, ಹಲ್ಲೂ ಹೋಯಿತು. ಚಿಕಿತ್ಸೆಯನ್ನು ಪೂರೈಸಿ, ವೈದ್ಯರು ಹೇಳಿದರೆ ಹಲ್ಲಿಗೆ ಟೋಪಿಯನ್ನೂ ಹಾಕಿಸಿಕೊಳ್ಳತಕ್ಕದ್ದು.

ಹೋಟೆಲು ಮಾಲಿಕರಲ್ಲಿಯೂ ನಮ್ಮದೊಂದು ವಿಜ್ಞಾಪನೆ: ಹಲ್ಲುನೋವೂ ಕಾಯಿಲೆಯೇ. ಆಳಿಗೆ ನಾಲ್ಕಾರು ಬೆಳಗಿನ ಬಿಡುವು ಕೊಟ್ಟರೆ ನಿಮಗೆ ದೊಡ್ಡ ನಷ್ಟವಿಲ್ಲ. ಊರು ಬಿಟ್ಟು ಬಂದು ದುಡಿಯುವುದು ಮುಂದೊಂದು ದಿನ ಕಡಲೆ ಕಂಡೇವೆಂಬ ಆಸೆಯಿಂದಲ್ಲವೇ? ಆ ದಿನಕ್ಕೆ ಹಲ್ಲೂ ಇರಲಿ.